ಪ್ಲೇಟ್‌ಲೆಟ್ ಇಳಿದರೂ ರಕ್ತ ಹೆಪ್ಪುಗಟ್ಟಬಹುದು: ವೈರಸ್ ಜ್ವರ ಮತ್ತು ನಮ್ಮ ಮೇಲೇ ತಿರುಗುವ ಆಂಟಿಬಾಡಿಗಳು

2025ರ ಮೇ-ಜೂನ್ ಹೊತ್ತಿಗೆ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಅದರ ಬಿಸಿ ಮಲೆನಾಡಿಗೂ ತಟ್ಟಿತು. ಶಿವಮೊಗ್ಗದ ಲ್ಯಾಬ್‌ಗಳ ಮುಂದೆ, ತೀರ್ಥಹಳ್ಳಿಯ ಹೋಟೆಲುಗಳಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ ಒಂದೇ ಮಾತು: "ಕೊರೊನಾ ಬಂದು ಹೋದ್ಮೇಲೆ ಎಲ್ರ ರಕ್ತ ದಪ್ಪ ಆಗಿದೆ ಮಾರಾಯ." ಇನ್ನು ಕೆಲವರು ನೇರವಾಗಿ ಲಸಿಕೆಗೇ ಗಂಟು ಹಾಕಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೂ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟಿದ್ದು ಕಾರಣ ಇರಬಹುದು ಎಂದ ಮೇಲೆ ಕೇಳಬೇಕೆ? ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ತೋರಿಸಿ ಅಂಥ ನಂಟಿಲ್ಲ ಎಂದಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸಮಿತಿಯ ವರದಿಯೂ ಅದನ್ನೇ ಹೇಳಿತು. ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್, ಸಿಗರೇಟು. ಕಾರಣಗಳು ಹಳೆಯವೇ.

ವರದಿ ಹೇಳಿದ್ದು ಸರಿ. ಆದರೆ ಹೆದರಿದವರ ಪ್ರಶ್ನೆ ದಡ್ಡತನದ್ದು ಅಂತ ನನಗೆ ಅನಿಸುವುದಿಲ್ಲ. ವೈರಸ್ ಸೋಂಕಿಗೂ ರಕ್ತ ಹೆಪ್ಪುಗಟ್ಟುವುದಕ್ಕೂ ನಿಜವಾಗಿಯೂ ನಂಟಿದೆ. ಆ ನಂಟಿನಲ್ಲಿ ನಮ್ಮದೇ ದೇಹ ತಯಾರಿಸುವ ಆಂಟಿಬಾಡಿಗಳ ಕೈವಾಡವೂ ಇದೆ. ಲಸಿಕೆಯ ನಂತರ ತೀರಾ ಅಪರೂಪಕ್ಕೆ ಹಾಗಾಗಿದ್ದೂ ಸುಳ್ಳಲ್ಲ. ಎಡವಟ್ಟಾಗಿರುವುದು ಬೇರೆ ಕಡೆ. ಮೂರು ನಾಲ್ಕು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿ, ಒಂದು ಲ್ಯಾಬ್ ರಿಪೋರ್ಟಿನ ಅಂಕಿ ನೋಡಿ ತೀರ್ಪು ಕೊಡುತ್ತಿದ್ದೇವೆ. ಪ್ಲೇಟ್‌ಲೆಟ್ ಆಗಲಿ, ಹೆಪ್ಪು ಕರಗಿದ ಗುರುತು ಹೇಳುವ ಡಿ-ಡೈಮರ್ ಆಗಲಿ, ಆಂಟಿಬಾಡಿ ಆಗಲಿ, ಒಂದು ಅಂಕಿ ಮಾತ್ರ ನೋಡಿ ರಕ್ತ ಸೋರುವ ಕಡೆ ಹೋಗುತ್ತಿದೆಯೋ ಹೆಪ್ಪುಗಟ್ಟುವ ಕಡೆ ಹೋಗುತ್ತಿದೆಯೋ ಎಂದು ಹೇಳಲು ಆಗುವುದಿಲ್ಲ. ಯಾವ ಕಾಯಿಲೆ, ಶುರುವಾಗಿ ಎಷ್ಟು ದಿನ ಆಯಿತು ಅನ್ನುವುದೂ ಗೊತ್ತಿರಬೇಕು. ಮಂಗನ ಕಾಯಿಲೆ, ಡೆಂಗಿ, ಕೊರೊನಾ ಮೂರನ್ನೂ ಕಂಡ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಈ ವ್ಯತ್ಯಾಸ ತಿಳಿಯದೆ ಇದ್ದರೆ ಪ್ರಾಣಕ್ಕೇ ಕುತ್ತು.

ಮೊದಲು ರಕ್ತ ಹೆಪ್ಪುಗಟ್ಟುವುದು ಹೇಗೆ ನೋಡೋಣ. ನಮ್ಮ ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನ ತೆಳು ಪೊರೆ ಇದೆ. ಆ ಪೊರೆಯ ಒಳಮೈಯಲ್ಲಿ ಫಾಸ್ಫಟಿಡಿಲ್‌ಸೆರಿನ್ ಎಂಬ ಕೊಬ್ಬಿನ ಅಂಶ ಇರುತ್ತದೆ. ಸುಮ್ಮನಿರುವ ಕೋಶದಲ್ಲಿ ಇದು ಹೊರಗೆ ಕಾಣುವುದಿಲ್ಲ. ಗಾಯವಾದಾಗ ಪ್ಲೇಟ್‌ಲೆಟ್ ಎಚ್ಚೆತ್ತು ಇದನ್ನು ಹೊರಮೈಗೆ ತರುತ್ತದೆ. ಪ್ರೋಥ್ರಾಂಬಿನ್ ಮುಂತಾದ ಪ್ರೋಟೀನ್‌ಗಳು ಅಲ್ಲಿಗೆ ಬಂದು ಕೂರುತ್ತವೆ. ಥ್ರಾಂಬಿನ್ ಹುಟ್ಟುತ್ತದೆ. ಅದು ಫೈಬ್ರಿನ್ ಎಂಬ ಎಳೆಗಳನ್ನು ಹೆಣೆಯುತ್ತದೆ. ರಕ್ತ ನಿಲ್ಲುತ್ತದೆ. ಕತ್ತಿ ತಾಗಿದ ಬೆರಳಿಗೆ ಇದು ಬೇಕೇ ಬೇಕು. ಗಾಯವೇ ಇಲ್ಲದ ಕಡೆ, ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ಮೆದುಳಿನಲ್ಲೋ ಇದೇ ಕೆಲಸ ನಡೆದರೆ ಜೀವಕ್ಕೆ ಅಪಾಯ.

ಕೆಲವರ ದೇಹ ಈ ಕೊಬ್ಬಿನ ವಿರುದ್ಧವೇ, ಹೆಚ್ಚಾಗಿ ಈ ಕೊಬ್ಬಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳ ವಿರುದ್ಧ, ಆಂಟಿಬಾಡಿ ತಯಾರಿಸುತ್ತದೆ. ಇವಕ್ಕೆ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ ಅನ್ನುತ್ತಾರೆ. ಇವುಗಳ ಜೊತೆ ರಕ್ತ ಹೆಪ್ಪುಗಟ್ಟುವ ತೊಂದರೆಯೋ, ಮತ್ತೆ ಮತ್ತೆ ಗರ್ಭ ಇಳಿಯುವ ತೊಂದರೆಯೋ ಇದ್ದರೆ ಅದು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ 1983ರಲ್ಲಿ ಇದನ್ನು ಒಂದು ಕಾಯಿಲೆಯಾಗಿ ವಿವರಿಸಿದರು.

ಅದಕ್ಕೂ ಮೊದಲೇ ಇದರ ಸುಳಿವು ಸಿಕ್ಕಿತ್ತು, ಅದೂ ತಮಾಷೆಯ ದಾರಿಯಲ್ಲಿ. ಸಿಫಿಲಿಸ್ ಪತ್ತೆಗೆ ಮಾಡುವ ವಿಡಿಆರ್‌ಎಲ್ ಪರೀಕ್ಷೆಗೆ ದನದ ಹೃದಯದಿಂದ ತೆಗೆದ ಕಾರ್ಡಿಯೋಲಿಪಿನ್ ಎಂಬ ಕೊಬ್ಬನ್ನು ಬಳಸುತ್ತಿದ್ದರು. ಸಿಫಿಲಿಸ್ ಇಲ್ಲದ ಎಷ್ಟೋ ಜನರಿಗೂ ಪಾಸಿಟಿವ್ ಬರುತ್ತಿತ್ತು. ಬೇರೆ ಯಾವುದೋ ಸೋಂಕು ಬಂದು ಹೋದವರಲ್ಲಿ ಅದು ಕೆಲವು ತಿಂಗಳಲ್ಲಿ ಮಾಯವಾಗುತ್ತಿತ್ತು. ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು, ಅವರಲ್ಲಿ ಹಲವರಿಗೆ ಮುಂದೆ, ದೇಹ ತನ್ನ ಮೇಲೇ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆ ಬರುತ್ತಿತ್ತು. ಬಂದು ಹೋಗುವ ಆಂಟಿಬಾಡಿ, ಬಂದು ಕೂರುವ ಆಂಟಿಬಾಡಿ ಎಂಬ ಎರಡು ಬಗೆ 1950ರ ದಶಕದಲ್ಲೇ ವೈದ್ಯರಿಗೆ ಕಂಡಿತ್ತು. ಇವತ್ತಿನ ಗಲಾಟೆಗೂ ಇದೇ ಮುಖ್ಯ ಪ್ರಶ್ನೆ.

ಕೂತಿರುವ ಆಂಟಿಬಾಡಿಯೂ ತಾನಾಗಿಯೇ ದಿನಾ ಕಾಟ ಕೊಡುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಗುಡ್ಡದ ತುಂಬ ಒಣ ದರಗು ಬಿದ್ದಿರುತ್ತದೆ, ಕಿಡಿ ಬೀಳುವ ತನಕ ಏನೂ ಆಗುವುದಿಲ್ಲ, ಹಾಗೆ. ಕಿಡಿ ಅಂದರೆ ಒಂದು ಸೋಂಕು, ಒಂದು ಆಪರೇಷನ್, ಬಸುರಿ-ಬಾಣಂತನ, ಹಾಸಿಗೆ ಹಿಡಿದು ಅಲ್ಲಾಡದೆ ಮಲಗಿದ ದಿನಗಳು. ಆಂಟಿಬಾಡಿ ಇದ್ದೂ ಜೀವನಪೂರ್ತಿ ಏನೂ ಆಗದವರು ಬಹಳ ಮಂದಿ ಇದ್ದಾರೆ.

ಈಗ ಕೊರೊನಾಕ್ಕೆ ಬರೋಣ. 2020ರ ಏಪ್ರಿಲ್‌ನಲ್ಲೇ ವುಹಾನ್‌ನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯರು ಮೂವರು ರೋಗಿಗಳ ಬಗ್ಗೆ ಬರೆದರು. ಮೂವರಿಗೂ ಕೋವಿಡ್, ಮೂವರ ಮೆದುಳಿನಲ್ಲೂ ಹಲವು ಕಡೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು, ಮೂವರ ರಕ್ತದಲ್ಲೂ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ. ಮೂರು ಜನರಿಂದ ಏನು ಹೇಳಲು ಸಾಧ್ಯ? ಹೆಚ್ಚೇನೂ ಇಲ್ಲ. ಆದರೆ ಎಲ್ಲರ ಗಮನ ಆ ಕಡೆ ತಿರುಗಿತು.

ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಯೋಗೇನ್ ಕಾಂತಿ, ಜೇಸನ್ ನೈಟ್ ಮತ್ತು ಜೊತೆಗಾರರ ಅಧ್ಯಯನ ಬಂತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ 172 ಮಂದಿಯ ರಕ್ತದಲ್ಲಿ ಎಂಟು ಬಗೆಯ ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿಗಳನ್ನು ಹುಡುಕಿದರು. ಪಾಸಿಟಿವ್ ಎನ್ನಲು ಪರೀಕ್ಷಾ ಕಿಟ್ ತಯಾರಕರು ಕೊಟ್ಟ ಗೆರೆ ಇಟ್ಟುಕೊಂಡರೆ ಶೇ 52 ಮಂದಿಯಲ್ಲಿ ಕನಿಷ್ಠ ಒಂದಾದರೂ ಸಿಕ್ಕಿತು. ಗೆರೆಯನ್ನು ಇನ್ನೂ ಮೇಲಕ್ಕೆ ಏರಿಸಿ ಬಿಗಿಯಾಗಿ ನೋಡಿದರೆ ಶೇ 30. ಒಂದೇ ರಕ್ತ, ಒಂದೇ ಪರೀಕ್ಷೆ, ಗೆರೆ ಎಲ್ಲಿ ಎಳೆದರು ಎಂಬುದರ ಮೇಲೆ 52 ಆಗಿದ್ದು 30 ಆಯಿತು. ಪತ್ರಿಕೆಗಳ ತಲೆಬರಹದಲ್ಲಿ ಎದ್ದು ಕಂಡಿದ್ದು "ಅರ್ಧದಷ್ಟು ರೋಗಿಗಳಲ್ಲಿ" ಅನ್ನುವ ಮಾತು.

ಆ ಅಧ್ಯಯನದ ನಿಜವಾದ ತೂಕ ಈ ಶೇಕಡಾವಾರಿನಲ್ಲಿ ಇಲ್ಲ. ಆಂಟಿಬಾಡಿ ಮಟ್ಟ ಜಾಸ್ತಿ ಇದ್ದವರಲ್ಲಿ ಉಸಿರಾಟದ ತೊಂದರೆ ಜಾಸ್ತಿ ಇತ್ತು, ಕಿಡ್ನಿ ಕೆಲಸ ಕಮ್ಮಿ ಇತ್ತು, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆರಳಿದ್ದವು. ಈ ನ್ಯೂಟ್ರೋಫಿಲ್‌ಗಳಿಗೆ ಒಂದು ವಿಚಿತ್ರ ವಿದ್ಯೆ ಗೊತ್ತು. ಶತ್ರು ಕಂಡಾಗ ತಮ್ಮದೇ ಡಿಎನ್‌ಎಯನ್ನು ಹೊರಗೆ ಎಸೆದು ಬಲೆ ಬೀಸುತ್ತವೆ. ಬ್ಯಾಕ್ಟೀರಿಯಾ ಹಿಡಿಯಲು ಒಳ್ಳೆಯದೇ. ಆದರೆ ಆ ಬಲೆಗೆ ಪ್ಲೇಟ್‌ಲೆಟ್, ಕೆಂಪು ಕಣ, ಫೈಬ್ರಿನ್ ಎಲ್ಲವೂ ಅಂಟಿಕೊಳ್ಳುತ್ತವೆ, ರಕ್ತನಾಳ ಕಟ್ಟಿಕೊಳ್ಳುತ್ತದೆ. ಸಂಶೋಧಕರು ರೋಗಿಗಳ ರಕ್ತದಿಂದ ಆಂಟಿಬಾಡಿಗಳನ್ನು ಮಾತ್ರ ಬೇರ್ಪಡಿಸಿ ಆರೋಗ್ಯವಂತರ ನ್ಯೂಟ್ರೋಫಿಲ್‌ಗಳಿಗೆ ಸೇರಿಸಿದರು. ಅವು ಬಲೆ ಬೀಸಿದವು. ಅದೇ ಆಂಟಿಬಾಡಿಗಳನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳ ರಕ್ತನಾಳದಲ್ಲಿ ಹೆಪ್ಪು ಬೇಗ ಬೆಳೆಯಿತು. ಬರೀ "ಎರಡೂ ಒಟ್ಟಿಗೆ ಕಂಡವು" ಅನ್ನುವುದಕ್ಕಿಂತ ಇದು ಒಂದು ಹೆಜ್ಜೆ ಮುಂದೆ. ಆಂಟಿಬಾಡಿ ಅಲ್ಲಿ ಸುಮ್ನೆ ನಿಂತು ನೋಡುತ್ತಿರಲಿಲ್ಲ.

ಆದರೂ ಇಲ್ಲೇ ಸ್ವಲ್ಪ ತಡೆಯಬೇಕು. ಇಲಿ ಇಲಿಯೇ. ಮುಂದೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕೋವಿಡ್ ರೋಗಿಗಳಲ್ಲಿ ಈ ಆಂಟಿಬಾಡಿಗಳು ಧಾರಾಳವಾಗಿ ಸಿಗುತ್ತವೆ ಎಂಬುದು ಗಟ್ಟಿಯಾಯಿತು. ಆದರೆ ಆಂಟಿಬಾಡಿ ಇದ್ದವರಿಗೇ ರಕ್ತ ಹೆಪ್ಪುಗಟ್ಟಿತು ಎಂಬ ನೇರ ನಂಟು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಕೋವಿಡ್ ಇಲ್ಲದೆ ಬೇರೆ ಕಾರಣಕ್ಕೆ ಐಸಿಯು ಸೇರಿದವರಲ್ಲೂ ಇವು ಸಿಗುತ್ತವೆ. ಎಚ್‌ಐವಿ, ಹೆಪಟೈಟಿಸ್ ಸಿ, ಪಾರ್ವೊವೈರಸ್ ಸೋಂಕಿನಲ್ಲೂ ಸಿಗುತ್ತವೆ. ಪರೀಕ್ಷೆಗಳಲ್ಲೇ ತೊಡಕಿದೆ. ಲೂಪಸ್ ಆಂಟಿಕೋಆಗ್ಯುಲೆಂಟ್ ಎಂಬ ಪರೀಕ್ಷೆಯಲ್ಲಿ ಗಾಜಿನ ನಳಿಕೆಯೊಳಗೆ ರಕ್ತ ನಿಧಾನವಾಗಿ ಹೆಪ್ಪುಗಟ್ಟಿದರೆ ಪಾಸಿಟಿವ್. ಅದೇ ಮನುಷ್ಯನ ಮೈಯೊಳಗೆ ಬೇಗ ಹೆಪ್ಪುಗಟ್ಟುವ ಅಪಾಯ! ಜ್ವರ ಜೋರಾಗಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನ್, ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಇವೆರಡೂ ಆ ಪರೀಕ್ಷೆಯನ್ನು ಕೆಡಿಸುತ್ತವೆ. ಅಂದರೆ ತೀರಾ ಕಾಯಿಲೆ ಬಿದ್ದ ದಿನವೇ ಈ ಪರೀಕ್ಷೆ ಮಾಡಿಸಿದರೆ ಉತ್ತರವನ್ನು ನಂಬುವುದು ಕಷ್ಟ.

ಅದಕ್ಕೇ ಒಂದು ನಿಯಮ ಇದೆ. ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಆಗಲೂ ಪಾಸಿಟಿವ್ ಇದ್ದರೆ ಮಾತ್ರ ಅದಕ್ಕೆ ಬೆಲೆ. ಸೋಂಕಿನಿಂದ ಬಂದ ಆಂಟಿಬಾಡಿಗಳಲ್ಲಿ ಹೆಚ್ಚಿನವು ಅಷ್ಟರೊಳಗೆ ಇಳಿದುಹೋಗುತ್ತವೆ. ಈ ಎರಡನೇ ಪರೀಕ್ಷೆಯೇ ನಮ್ಮಲ್ಲಿ ತಪ್ಪಿಹೋಗುವುದು. ಜ್ವರ ಇಳಿದ ಮೇಲೆ ಹೊಸನಗರದ ಹಳ್ಳಿಯಿಂದ ಮತ್ತೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ಮೂರು ತಿಂಗಳ ಹಿಂದಿನ ಪರೀಕ್ಷೆಯನ್ನು ಮಾಡಿಸುವವರು ಯಾರು? ಮೊದಲ ರಿಪೋರ್ಟು ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ ಬೀರು ಸೇರಿ, ಮನೆಯವರ ತಲೆಯಲ್ಲಿ "ಇವರಿಗೆ ರಕ್ತದ ತೊಂದರೆ ಇದೆ" ಎಂದು ಉಳಿದುಬಿಡುತ್ತದೆ.

ಸೋಂಕು ಬಂದಾಗ ದೇಹ ತನ್ನ ಮೇಲೇ ಯಾಕೆ ತಿರುಗುತ್ತದೆ? ಎರಡು ದಾರಿಗಳು ಕಾಣುತ್ತವೆ. ವೈರಸ್ಸಿನ ಯಾವುದೋ ಭಾಗ ನಮ್ಮ ಪ್ರೋಟೀನನ್ನೇ ಹೋಲುತ್ತಿದ್ದರೆ ವೈರಸ್ಸಿಗಾಗಿ ಮಾಡಿದ ಆಂಟಿಬಾಡಿ ನಮಗೂ ಅಂಟುತ್ತದೆ. ಎರಡನೆಯದು, ಉರಿಯೂತ ಜೋರಾದಾಗ ಕೋಶಗಳು ಒಡೆದು ಒಳಗಿದ್ದದ್ದು ಹೊರಗೆ ಬೀಳುತ್ತದೆ, ಆಂಟಿಬಾಡಿ ಮಾಡುವ ಬಿ ಕೋಶಗಳು ಎಂದಿನ ತಪಾಸಣೆ ಇಲ್ಲದೆ ಅವಸರದಲ್ಲಿ ಕೆಲಸ ಶುರು ಮಾಡುತ್ತವೆ. ಸ್ಟ್ಯಾನ್‌ಫರ್ಡ್ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಸುಮಾರು ಅರ್ಧ ಮಂದಿಗೆ ಒಂದಲ್ಲ ಒಂದು ಬಗೆಯ ಸ್ವಂತ-ವಿರೋಧಿ ಆಂಟಿಬಾಡಿ ಇತ್ತು. ಆರೋಗ್ಯವಂತರಲ್ಲಿ ಅದು ಶೇ 15ಕ್ಕಿಂತ ಕಡಿಮೆ. ದಾಖಲಾದ ದಿನದ ರಕ್ತವನ್ನೂ ನಂತರದ ರಕ್ತವನ್ನೂ ಹೋಲಿಸಿದಾಗ ಸುಮಾರು ಐವರಲ್ಲಿ ಒಬ್ಬರಿಗೆ ಒಂದು ವಾರದೊಳಗೆ ಹೊಸದಾಗಿ ಹುಟ್ಟಿಕೊಂಡಿದ್ದೂ ಕಂಡಿತು.

ಎಲ್ಲವೂ ಸೋಂಕಿನ ನಂತರವೇ ಹುಟ್ಟುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಇಂಟರ್‌ಫೆರಾನ್ ಅಂದರೆ ವೈರಸ್ ಬಂದ ಕೂಡಲೇ ದೇಹ ಬಾರಿಸುವ ಮೊದಲ ಎಚ್ಚರಿಕೆ. ಜೀವಕ್ಕೆ ಅಪಾಯವಾಗುವಷ್ಟು ಕೋವಿಡ್ ನ್ಯುಮೋನಿಯಾ ಬಂದ 987 ಮಂದಿಯಲ್ಲಿ 101 ಮಂದಿಗೆ ಈ ಇಂಟರ್‌ಫೆರಾನ್ ವಿರುದ್ಧವೇ ಆಂಟಿಬಾಡಿ ಇತ್ತು ಎಂದು 2020ರಲ್ಲಿ ಪತ್ತೆಯಾಯಿತು. ಆ 101ರಲ್ಲಿ 95 ಮಂದಿ ಗಂಡಸರು. ಸೋಂಕು ತಗುಲಿಯೂ ಹಗುರವಾಗಿ ಪಾರಾದವರಲ್ಲಿ ಒಬ್ಬರಲ್ಲೂ ಇರಲಿಲ್ಲ. ಹಳೆಯ ರಕ್ತದ ಮಾದರಿ ಸಿಕ್ಕ ಕೆಲವರಲ್ಲಿ ನೋಡಿದರೆ, ಕೋವಿಡ್ ಬರುವ ಮೊದಲೇ ಈ ಆಂಟಿಬಾಡಿ ಕೂತಿತ್ತು. ಒಂದೇ ವಾರ್ಡಿನಲ್ಲಿ ಅಕ್ಕಪಕ್ಕ ಮಲಗಿದ ಇಬ್ಬರಲ್ಲಿ ಒಬ್ಬರು ಯಾಕೆ ಎದ್ದು ಬಂದರು, ಇನ್ನೊಬ್ಬರು ಯಾಕೆ ಬರಲಿಲ್ಲ ಎಂಬುದಕ್ಕೆ ಸಿಕ್ಕ ಉತ್ತರಗಳಲ್ಲಿ ಇದೂ ಒಂದು.

ಇನ್ನು ಲಸಿಕೆಯ ವಿಷಯ. ಆಸ್ಟ್ರಾಜೆನೆಕಾ ಲಸಿಕೆ, ನಮ್ಮಲ್ಲಿ ಕೋವಿಶೀಲ್ಡ್, ಪಡೆದ ಕೆಲವರಲ್ಲಿ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ, ಜೊತೆಗೇ ಪ್ಲೇಟ್‌ಲೆಟ್ ಕುಸಿದದ್ದನ್ನು 2021ರ ಏಪ್ರಿಲ್‌ನಲ್ಲಿ ಜರ್ಮನಿ, ನಾರ್ವೆ, ಬ್ರಿಟನ್ ವೈದ್ಯರು ವರದಿ ಮಾಡಿದರು. ಅಲ್ಲೂ ಕಾರಣ ಆಂಟಿಬಾಡಿಯೇ, ಆದರೆ ಬೇರೆ ಆಂಟಿಬಾಡಿ. ಪ್ಲೇಟ್‌ಲೆಟ್‌ನೊಳಗಿರುವ ಪಿಎಫ್4 ಎಂಬ ಪ್ರೋಟೀನಿಗೆ ಇದು ಅಂಟುತ್ತದೆ, ಪ್ಲೇಟ್‌ಲೆಟ್‌ಗಳು ಒಟ್ಟಾಗಿ ಕೆರಳುತ್ತವೆ. ಹೆಪ್ಪಿನಲ್ಲಿ ಖರ್ಚಾಗಿ ಅವುಗಳ ಲೆಕ್ಕ ಇಳಿಯುತ್ತದೆ. ಹೆಪಾರಿನ್ ಕೊಟ್ಟ ಕೆಲವು ರೋಗಿಗಳಲ್ಲಿ ಆಗುವ ಹಳೆಯ, ಗೊತ್ತಿರುವ ತೊಂದರೆಯ ಅಣ್ಣತಮ್ಮ ಇದು.

ಇಲ್ಲಿ ನೋಡಬೇಕಾದ್ದು ಕಾಲ. ಈ ತೊಂದರೆ ಬರುವುದು ಲಸಿಕೆ ಪಡೆದ ಸುಮಾರು 5ರಿಂದ 30 ದಿನದೊಳಗೆ, ಕೆಲವರಲ್ಲಿ 42 ದಿನದೊಳಗೆ. 2021ರಲ್ಲಿ ಸೂಜಿ ಹಾಕಿಸಿಕೊಂಡವರಿಗೆ 2025ರಲ್ಲಿ ಹೃದಯಾಘಾತವಾದರೆ ಈ ಆಂಟಿಬಾಡಿಯನ್ನು ದೂರಲು ಬರುವುದಿಲ್ಲ. 2024ರಲ್ಲಿ ಬ್ರಿಟನ್ನಿನ ಕೋರ್ಟಿನಲ್ಲಿ ಕಂಪನಿ ಈ ಅಡ್ಡಪರಿಣಾಮವನ್ನು ಒಪ್ಪಿಕೊಂಡಿತು ಎಂಬ ಸುದ್ದಿ ಬಂದಾಗ ಹೊಸದೇನೋ ಬಯಲಾದಂತೆ ನಮ್ಮಲ್ಲಿ ಗದ್ದಲವೆದ್ದಿತು. ಮೂರು ವರ್ಷದ ಹಿಂದೆಯೇ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಸಂಗತಿ ಅದು. 2023ರಲ್ಲಿ ಇನ್ನೊಂದು ಸ್ವಾರಸ್ಯ ಗೊತ್ತಾಯಿತು. ಲಸಿಕೆಯೇ ಇಲ್ಲದೆ, ನೆಗಡಿ-ಕೆಮ್ಮು ತರುವ ಮಾಮೂಲಿ ಅಡಿನೋವೈರಸ್ ಸೋಂಕಿನ ನಂತರವೂ ಅಪರೂಪಕ್ಕೆ ಇದೇ ಪಿಎಫ್4 ಆಂಟಿಬಾಡಿ ಬಂದು ರಕ್ತ ಹೆಪ್ಪುಗಟ್ಟುತ್ತದೆ. ಆ ಲಸಿಕೆಯೂ ಅಡಿನೋವೈರಸ್ಸನ್ನೇ ವಾಹನ ಮಾಡಿಕೊಂಡದ್ದು.

ಹಾಗಾದರೆ ಯುವಕರ ಹಠಾತ್ ಸಾವು? ಐಸಿಎಂಆರ್ 47 ಆಸ್ಪತ್ರೆಗಳ ಮೂಲಕ ಮಾಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನ 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ನೋಡಿತು. ಲಸಿಕೆ ಪಡೆದವರಲ್ಲಿ ಅಪಾಯ ಹೆಚ್ಚಿರಲಿಲ್ಲ, ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಹಿಂದೆ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾವಿಗೆ ಎರಡು ದಿನ ಮುಂಚಿನ ವಿಪರೀತ ಕುಡಿತ, ಮಾದಕ ವಸ್ತು, ಮಿತಿಮೀರಿದ ದೈಹಿಕ ಶ್ರಮ. "ಆಸ್ಪತ್ರೆ ಸೇರಿದ್ದು" ಎಂಬುದನ್ನು ಗಮನಿಸಿ. ಸೋಂಕು ಜೋರಾಗಿ ಬಂದಿತ್ತು ಅಂತಲೇ ಅರ್ಥ. ಸ್ವೀಡನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೋವಿಡ್ ಸೋಂಕಿತರನ್ನು ನೋಡಿದ 2022ರ ಅಧ್ಯಯನದಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಮೂರು ತಿಂಗಳ ತನಕ, ಶ್ವಾಸಕೋಶದಲ್ಲಿ ಆರು ತಿಂಗಳ ತನಕ ಹೆಚ್ಚಿತ್ತು. ರಕ್ತಸ್ರಾವದ ಅಪಾಯವೂ ಎರಡು ತಿಂಗಳ ತನಕ ಹೆಚ್ಚಿತ್ತು! ಕೋವಿಡ್ ಒಂದೇ ಅಲ್ಲ. ಫ್ಲೂ ಪತ್ತೆಯಾದ ಮೊದಲ ವಾರದಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಏರುತ್ತದೆ ಎಂದು ಕೆನಡಾದ ಅಧ್ಯಯನ 2018ರಲ್ಲೇ ತೋರಿಸಿತ್ತು.

ಈಗ ನಮ್ಮ ಗುಡ್ಡಗಳ ಜ್ವರಕ್ಕೆ ಬರುತ್ತೇನೆ. ಇಲ್ಲಿ ಕತೆ ತಿರುಗಿಬಿಡುತ್ತದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲ ಹಳ್ಳಿಯ ಜನ ಜ್ವರ ಬಿದ್ದಾಗ ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಉಣುಗು ಕಚ್ಚಿದರೆ ಬರುತ್ತದೆ. ಅಡಿಕೆ ಕೊಯ್ಲು ಮುಗಿದು ದರಗು ಗುಡಿಸುವ, ಸೊಪ್ಪು ಕಡಿಯುವ ತಿಂಗಳುಗಳೇ ಇದರ ಕಾಲ. 2018-19ರಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗ ಇದರಿಂದ ಎಷ್ಟು ನಲುಗಿತು ಎಂಬುದು ಜಿಲ್ಲೆಗೆ ಇನ್ನೂ ನೆನಪಿದೆ. ಸಾವಿನ ಪ್ರಮಾಣ ಶೇ 3ರಿಂದ 5. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ, ಹೊಸದು ಇನ್ನೂ ತಯಾರಿಯ ಹಂತದಲ್ಲಿದೆ. ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು, ಕೆಂಪಾದ ಕಣ್ಣು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಕೆಲವರಿಗೆ ವಸಡು, ಮೂಗು, ಹೊಟ್ಟೆಯಲ್ಲಿ ರಕ್ತ ಸೋರುತ್ತದೆ. ಇದೇ ವೈರಸ್ ಕುಲಕ್ಕೆ ಸೇರಿದ್ದು ಡೆಂಗಿ. ಅದು ಮಳೆಗಾಲದ್ದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದೇ ಘೋಷಿಸಬೇಕಾಯಿತು.

ಡೆಂಗಿಯಲ್ಲೂ ದಾರಿ ತಪ್ಪಿದ ಆಂಟಿಬಾಡಿಗಳಿವೆ. "ಎನ್ಎಸ್1 ಪಾಸಿಟಿವ್" ಅಂತ ರಿಪೋರ್ಟಿನಲ್ಲಿ ಬರುತ್ತದಲ್ಲ, ಆ ಎನ್ಎಸ್1 ವೈರಸ್ಸಿನ ಒಂದು ಪ್ರೋಟೀನ್. ಅದರ ವಿರುದ್ಧ ಹುಟ್ಟಿದ ಕೆಲವು ಆಂಟಿಬಾಡಿಗಳು ನಮ್ಮ ಪ್ಲೇಟ್‌ಲೆಟ್‌ಗಳಿಗೂ ರಕ್ತನಾಳದ ಒಳಪದರಕ್ಕೂ ಅಂಟುತ್ತವೆ ಎಂದು ತೈವಾನಿನ ಸಂಶೋಧಕರು ಲ್ಯಾಬಿನಲ್ಲೂ ಇಲಿಗಳಲ್ಲೂ ತೋರಿಸಿದ್ದಾರೆ. ಪ್ಲೇಟ್‌ಲೆಟ್ ಇಳಿಯಲು ಇದು ಹಲವು ಕಾರಣಗಳಲ್ಲಿ ಒಂದು; ಮಜ್ಜೆಯಲ್ಲಿ ತಯಾರಿಕೆಯೂ ಕುಂಠಿತವಾಗುತ್ತದೆ. ಡೆಂಗಿಯಲ್ಲಿ ಭಯ ಪಡಬೇಕಾದ್ದು ಹೆಪ್ಪುಗಟ್ಟುವುದಕ್ಕಲ್ಲ. ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದಕ್ಕೆ, ಆಮೇಲೆ ರಕ್ತಸ್ರಾವಕ್ಕೆ.

ಒಂದೇ ಮಾತನ್ನು ಮೂರು ಕಾಯಿಲೆಗೆ ಹಚ್ಚಿ ನೋಡಿ. ಪ್ಲೇಟ್‌ಲೆಟ್ 40 ಸಾವಿರ. ಡೆಂಗಿಯಾದರೆ ಸೋರುವ ಭಯ. ಪಿಎಫ್4 ಆಂಟಿಬಾಡಿಯಾದರೆ ಹೆಪ್ಪುಗಟ್ಟುವ ಭಯ, ಅಲ್ಲಿ ಪ್ಲೇಟ್‌ಲೆಟ್ ಏರಿಸುವುದು ಬೆಂಕಿಗೆ ತುಪ್ಪ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇರುವವರಲ್ಲೂ ಪ್ಲೇಟ್‌ಲೆಟ್ ಕೊಂಚ ಇಳಿದಿರಬಹುದು, ಆದರೂ ರಕ್ತ ಹೆಪ್ಪುಗಟ್ಟುವ ಕಡೆಗೇ ವಾಲುತ್ತದೆ. ನಮ್ಮಲ್ಲಿ ಜ್ವರ ಅಂದರೆ ಪ್ಲೇಟ್‌ಲೆಟ್ ಎಷ್ಟು ಅನ್ನುವುದೇ ಮೊದಲ ಪ್ರಶ್ನೆ. ಪಪ್ಪಾಯಿ ಎಲೆ ರಸ, ಕಿವಿ ಹಣ್ಣು, "ಬ್ಲಡ್ ಬ್ಯಾಂಕಿನಲ್ಲಿ ಪ್ಲೇಟ್‌ಲೆಟ್ ಇದೆಯಾ" ಎಂಬ ಓಡಾಟ. ಡೆಂಗಿಯಲ್ಲೂ ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗಿಳಿಯುವ ತನಕ ಪ್ಲೇಟ್‌ಲೆಟ್ ಕೊಡಬೇಕಿಲ್ಲ. ವೈದ್ಯರು ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ನಾಡಿ, ಮೂತ್ರ ನೋಡುತ್ತಿರುವುದು ಅದಕ್ಕೇ. ಪಕ್ಕದ ಹಾಸಿಗೆಯವರಿಗೆ ಮೂರು ಚೀಲ ಹಾಕಿದರು, ನಮಗೆ ಯಾಕೆ ಹಾಕಲಿಲ್ಲ ಅಂತ ಜಗಳಕ್ಕೆ ಹೋಗಬೇಕಿಲ್ಲ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಇದರ ತದ್ವಿರುದ್ಧ ತಪ್ಪು. "ರಕ್ತ ದಪ್ಪ ಆಗಿದೆ" ಎಂಬ ಮಾತು ಕೇಳಿ ಯಾರನ್ನೂ ಕೇಳದೆ ಆಸ್ಪಿರಿನ್ ನುಂಗುವವರು ಇದ್ದಾರೆ. ಮನೆಯ ಹಿರಿಯರಿಗೆ ಹೃದಯಕ್ಕೆಂದು ಬರೆದ ಸ್ಟ್ರಿಪ್ಪಿನಿಂದಲೇ ಎರಡು ಮಾತ್ರೆ. ಮೈಕೈ ನೋವಿಗೆ ಕ್ಲಿನಿಕ್ಕಿಗೆ ಹೋಗಿ "ಒಂದು ಸೂಜಿ ಹಾಕಿ ಡಾಕ್ಟ್ರೇ" ಎಂದು ಡೈಕ್ಲೋಫೆನಾಕ್ ಚುಚ್ಚಿಸಿಕೊಳ್ಳುವವರು ಇನ್ನೂ ಜಾಸ್ತಿ. ಜನವರಿಯಲ್ಲಿ ಕಾಡಿನಂಚಿನ ಮನೆಯಲ್ಲಿ ಬಂದ ಜ್ವರ ಮಂಗನ ಕಾಯಿಲೆ ಆಗಿದ್ದರೆ, ಜುಲೈಯಲ್ಲಿ ಬಂದದ್ದು ಡೆಂಗಿ ಆಗಿದ್ದರೆ, ಈ ಔಷಧಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಯಾವ ಜ್ವರ ಎಂದು ಗೊತ್ತಾಗುವ ತನಕ ನಮ್ಮ ಭಾಗದಲ್ಲಿ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಔಷಧ ಬೇಡ. ಮಂಗನ ಕಾಯಿಲೆಯ ಅನುಮಾನ ಇದ್ದರೆ ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗುತ್ತದೆ. "ಕಾಡಿಗೆ ಹೋಗಿದ್ದೆ", "ತೋಟದ ಹತ್ತಿರ ಮಂಗ ಸತ್ತಿತ್ತು", "ಉಣುಗು ಕಚ್ಚಿತ್ತು" ಅನ್ನುವುದನ್ನು ವೈದ್ಯರು ಕೇಳದಿದ್ದರೂ ನಾವೇ ಹೇಳಬೇಕು.

ಕೋವಿಡ್‌ನಲ್ಲಾದರೂ ರಕ್ತ ತೆಳು ಮಾಡುವ ಔಷಧ ಎಲ್ಲರಿಗೂ ಒಳ್ಳೆಯದಾಯಿತೇ? ಇಲ್ಲ. ಬ್ರಿಟನ್ನಿನ 'ರಿಕವರಿ' ಎಂಬ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಸುಮಾರು 15 ಸಾವಿರ ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಆಸ್ಪಿರಿನ್ ಕೊಟ್ಟರು. 28 ದಿನದೊಳಗಿನ ಸಾವು ಎರಡೂ ಗುಂಪಿನಲ್ಲಿ ಶೇ 17. ಹೆಪ್ಪುಗಟ್ಟುವುದು ಒಂಚೂರು ಕಮ್ಮಿಯಾಯಿತು, ರಕ್ತಸ್ರಾವ ಒಂಚೂರು ಜಾಸ್ತಿಯಾಯಿತು. ಹೆಪಾರಿನ್ನಿನದು ಇನ್ನೂ ಸೂಕ್ಷ್ಮ. 2021ರ ದೊಡ್ಡ ಪ್ರಯೋಗಗಳಲ್ಲಿ, ಆಸ್ಪತ್ರೆ ಸೇರಿದರೂ ಐಸಿಯು ಮಟ್ಟಕ್ಕೆ ಹೋಗದವರಿಗೆ ಪೂರ್ಣ ಪ್ರಮಾಣದ ಹೆಪಾರಿನ್ ಉಪಯೋಗವಾಯಿತು. ಆಗಲೇ ಐಸಿಯು ಸೇರಿದವರಿಗೆ ಆಗಲಿಲ್ಲ. ಮದ್ದು ಅದೇ, ಕಾಯಿಲೆ ಅದೇ, ಹೊತ್ತು ಮಾತ್ರ ಬೇರೆ. ಮನೆಯಲ್ಲೇ ಇದ್ದು ಗುಣವಾಗುವವರಿಗೆ ಇಂಥ ಔಷಧದ ಅಗತ್ಯವೇ ಕಾಣಲಿಲ್ಲ.

ಡಿ-ಡೈಮರ್ ಬಗ್ಗೆ ಒಂದು ಮಾತು. ಹೆಪ್ಪು ಕರಗಿದಾಗ ಉಳಿಯುವ ತುಣುಕು ಅದು. ಜ್ವರ ಬಂದರೂ ಏರುತ್ತದೆ, ಬಸುರಿಯಲ್ಲೂ ಏರುತ್ತದೆ, ವಯಸ್ಸಾದರೂ ಏರುತ್ತದೆ, ಬಿದ್ದು ಪೆಟ್ಟಾದರೂ ಏರುತ್ತದೆ. ಹೆಪ್ಪಿನ ಸಂಶಯ ಕಡಿಮೆ ಇದ್ದಾಗ ನಾರ್ಮಲ್ ಬಂದರೆ ಹೆಪ್ಪು ಇಲ್ಲ ಎಂದು ನೆಮ್ಮದಿಯಿಂದ ಇರಲು ಅದು ಉಪಯೋಗ. ಜಾಸ್ತಿ ಬಂತು ಎಂದ ಮಾತ್ರಕ್ಕೆ ಹೆಪ್ಪು ಇದೆ ಎಂದಲ್ಲ. ಯಾವ ತೊಂದರೆಯೂ ಇಲ್ಲದವರು "ಫುಲ್ ಬಾಡಿ ಚೆಕಪ್" ಪ್ಯಾಕೇಜಿನಲ್ಲಿ ಇದನ್ನು ಮಾಡಿಸಿಕೊಂಡರೆ ಸಿಗುವುದು ಬರೀ ಆತಂಕ. ಆಂಟಿಫಾಸ್ಫೋಲಿಪಿಡ್ ಪರೀಕ್ಷೆಗೂ ಇದೇ ಮಾತು.

ಹಾಗಾದರೆ ಯಾರಿಗೆ ಬೇಕು ಆ ಪರೀಕ್ಷೆ? ಚಿಕ್ಕ ವಯಸ್ಸಿನಲ್ಲೇ, ಕಾರಣ ಕಾಣದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದವರಿಗೆ. ಐವತ್ತರೊಳಗೆ, ಬಿಪಿ-ಸಕ್ಕರೆ ಏನೂ ಇಲ್ಲದೆ ಪಾರ್ಶ್ವವಾಯು ಆದವರಿಗೆ. ಮತ್ತೆ ಮತ್ತೆ ಗರ್ಭ ಇಳಿದ ಹೆಂಗಸರಿಗೆ. ಕೊನೆಯದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹರಕೆ, ದೋಷ ಪರಿಹಾರ ಎಲ್ಲ ಮುಗಿದ ಮೇಲೆ ಈ ರಕ್ತ ಪರೀಕ್ಷೆಯ ಸರದಿ ಬರುತ್ತದೆ. ಈ ಕಾಯಿಲೆ ಇದ್ದರೂ ಬಸುರಿಯಲ್ಲಿ ವೈದ್ಯರ ಉಸ್ತುವಾರಿಯಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ತೆಗೆದುಕೊಂಡು ಮಗು ಪಡೆದವರು ಎಷ್ಟೋ ಮಂದಿ. ಸೋಂಕಿನ ನಂತರವೇ ಆಗಲಿ, ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚುವುದು, ಮಾತು ತೊದಲುವುದು ಕಂಡರೆ ಪರೀಕ್ಷೆಗಳ ಪಟ್ಟಿ ಹಿಡಿದು ಕೂರುವ ಹೊತ್ತಲ್ಲ. ಘಾಟಿ ರಸ್ತೆಯಲ್ಲಿ ಆಂಬುಲೆನ್ಸ್ ಬರಲು ತಡವಾಗುತ್ತದೆ, ಅಷ್ಟು ಮುಂಚೆಯೇ 108ಕ್ಕೆ ಫೋನ್ ಮಾಡಬೇಕು.

12 ವಾರದ ನಂತರವೂ ಆಂಟಿಬಾಡಿ ಉಳಿದು, ಹೆಪ್ಪುಗಟ್ಟಿದ ಇತಿಹಾಸವೂ ಇದ್ದವರಿಗೆ ಸಾಮಾನ್ಯವಾಗಿ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆಯೇ ಗತಿ. ರಿವರಾಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಪದೇ ಪದೇ ರಕ್ತ ಪರೀಕ್ಷೆ ಬೇಡ, ಹಾಗಾಗಿ ಅನುಕೂಲ. ಆದರೆ ಆಂಟಿಫಾಸ್ಫೋಲಿಪಿಡ್‌ನ ಮೂರೂ ಮುಖ್ಯ ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದವರಿಗೆ ರಿವರಾಕ್ಸಬಾನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಪಾರ್ಶ್ವವಾಯು, ಹೃದಯಾಘಾತ ವಾರ್ಫರಿನ್‌ಗಿಂತ ಹೆಚ್ಚಾದವು. 2018ರಲ್ಲಿ ಅದರ ಫಲಿತಾಂಶ ಬಂತು. ವಾರ್ಫರಿನ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ, ಶುರುವಿನಲ್ಲಿ ವಾರವಾರ, ಆಮೇಲೂ ತಪ್ಪದೆ. ಅಂಕಿ ಸಾಮಾನ್ಯವಾಗಿ 2ರಿಂದ 3ರೊಳಗೆ ನಿಲ್ಲಬೇಕು. ಬಸಳೆ, ಹರಿವೆ, ನುಗ್ಗೆ ಸೊಪ್ಪು ತಿನ್ನಬಾರದು ಎಂದೇನಿಲ್ಲ. ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎಂದಾದರೆ ಅಂಕಿ ಏರುಪೇರಾಗುತ್ತದೆ. ನೋವಿನ ಮಾತ್ರೆ, ಕೆಲವು ಆಂಟಿಬಯಾಟಿಕ್, ಹೆಸರು ಗೊತ್ತಿಲ್ಲದ ನಾಟಿ ಔಷಧ ಇವುಗಳಿಂದಲೂ ಹಾಗಾಗುತ್ತದೆ. ಈ ಐಎನ್‌ಆರ್ ಪರೀಕ್ಷೆ ಹೋಬಳಿ ಮಟ್ಟದ ಆಸ್ಪತ್ರೆಯಲ್ಲೇ ಸಿಗುವಂತಾದರೆ (ಅಂಗೈಯಲ್ಲಿ ಹಿಡಿಯುವ ಚಿಕ್ಕ ಮೆಷಿನ್ನಿನಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ನೋಡಲು ಬರುತ್ತದೆ), ಅದಕ್ಕಾಗಿ ಒಂದು ದಿನದ ಕೂಲಿ ಕಳೆದುಕೊಂಡು ಬಸ್ಸು ಹತ್ತುವುದು ತಪ್ಪುತ್ತದೆ. ಹೃದಯ ತಪಾಸಣೆಯ ಶಿಬಿರಗಳಿಗೆ ಹಾಕುವ ಶಾಮಿಯಾನದ ಖರ್ಚಿನಲ್ಲಿ ಒಂದು ಪಾಲು ಸಾಕು, ಅಲ್ವಾ?